ಜಾನಪದ ಸಂಶೋಧನೆಯಲ್ಲಿ ಪೂರ್ವಾಧ್ಯಯನಗಳ ಸಮೀಕ್ಷೆ: ಅರಿಶಿನಕುಂಟೆಯ ನಿದರ್ಶನದೊಡನೆ ಒಂದು ವಿವೇಚನೆ

1. ಪೀಠಿಕೆ

ಸಂಶೋಧನ ಪ್ರಬಂಧಗಳಲ್ಲಿ 'ಈವರೆಗಿನ ಅಧ್ಯಯನಗಳು' ಅಥವಾ 'ಪೂರ್ವಾಧ್ಯಯನಗಳ ಸಮೀಕ್ಷೆ' ಎಂಬ ಶೀರ್ಷಿಕೆಯ ಅಧ್ಯಾಯವೊಂದು ಇರುವುದು ಇಂದು ಕಡ್ಡಾಯವೆಂಬಷ್ಟು ರೂಢವಾಗಿದೆ. ರೂಢಿ ಬಲವಾದಷ್ಟೂ ಅದರ ಉದ್ದೇಶ ಮಸುಕಾಗುವುದು ಸಹಜ. ಅನೇಕ ಪ್ರಬಂಧಗಳಲ್ಲಿ ಈ ಅಧ್ಯಾಯವು ಪುಸ್ತಕಗಳ ಹೆಸರು, ಪ್ರಕಟಣೆಯ ವರ್ಷ ಮತ್ತು 'ಇದೊಂದು ಮೌಲಿಕ ಕೃತಿ' ಎಂಬಂತಹ ಪ್ರಶಂಸೆಯ ವಾಕ್ಯಗಳ ಸರಮಾಲೆಯಾಗಿ ಪರಿಣಮಿಸುತ್ತದೆ. ಅಧ್ಯಾಯದ ಕೊನೆಗೆ 'ಈ ವಿಷಯದ ಬಗೆಗೆ ಯಾವುದೇ ಅಧ್ಯಯನ ನಡೆದಿಲ್ಲ' ಎಂಬ ಘೋಷಣೆ ಬರುತ್ತದೆ. ಹಿಂದಿನ ಪುಟಗಳಲ್ಲಿ ಹೆಸರಿಸಿದ ಕೃತಿಗಳಿಗೂ ಈ ಘೋಷಣೆಗೂ ಇರುವ ಸಂಬಂಧವೇನೆಂಬುದು ಓದುಗರಿಗೆ ತಿಳಿಯುವುದಿಲ್ಲ.

ಜಾನಪದದಲ್ಲಿ ಈ ಸಮಸ್ಯೆಗೆ ಮತ್ತೊಂದು ಮುಖವಿದೆ. ಕ್ಷೇತ್ರಕಾರ್ಯವೇ ಪ್ರಧಾನವಾದ ಶಿಸ್ತಿನಲ್ಲಿ ಗ್ರಂಥಾಲಯದ ಕೆಲಸ ಗೌಣವೆಂಬ ಭಾವನೆ ಬೇರೂರಿದೆ. ವಾಸ್ತವವಾಗಿ ಹಿಂದಿನ ಸಂಗ್ರಹಗಳನ್ನು ತಿಳಿಯದೆ ಹಳ್ಳಿಗೆ ಹೋದ ಸಂಶೋಧಕರು ಈಗಾಗಲೇ ದಾಖಲಾದುದನ್ನು ಹೊಸದೆಂದು ಭಾವಿಸುತ್ತಾರೆ. ವಯಸ್ಸಾದ ಕಲಾವಿದರ ಸಮಯವನ್ನು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿ ವ್ಯಯಿಸುತ್ತಾರೆ. ಒಂದು ಹಾಡು ಎರಡು ತಲೆಮಾರುಗಳ ನಡುವೆ ಎಲ್ಲಿ ಬದಲಾಯಿತೆಂಬುದನ್ನು ಗುರುತಿಸುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಆದುದರಿಂದ ಸಮೀಕ್ಷೆಯು ಕ್ಷೇತ್ರಕಾರ್ಯದ ಮೊದಲ ಹಂತವೇ ಹೊರತು ಅದರ ಅಲಂಕಾರವಲ್ಲ.

ಪ್ರಸ್ತುತ ಲೇಖನದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿಗೆ ಸೇರಿದ ಅರಿಶಿನಕುಂಟೆಯನ್ನು ನಿದರ್ಶನವಾಗಿ ಇಟ್ಟುಕೊಂಡು, ಇಂತಹ ಒಂದು ಗ್ರಾಮದ ಜಾನಪದವನ್ನು ಅಭ್ಯಸಿಸಲು ಹೊರಟವರು ಪೂರ್ವಾಧ್ಯಯನಗಳನ್ನು ಹೇಗೆ ಹುಡುಕಬೇಕು, ಹೇಗೆ ಓದಬೇಕು, ಹೇಗೆ ಬರೆಯಬೇಕು ಎಂಬುದನ್ನು ವಿವೇಚಿಸಲಾಗಿದೆ.

2. ಸಮೀಕ್ಷೆ ಎಂದರೇನು?

ಗ್ರಂಥಸೂಚಿ, ಸಾರಾಂಶ ಮತ್ತು ಸಮೀಕ್ಷೆ ಇವು ಮೂರೂ ಬೇರೆ ಬೇರೆ. ಗ್ರಂಥಸೂಚಿಯು ಏನೇನು ಇದೆ ಎಂಬುದನ್ನು ಹೇಳುತ್ತದೆ. ಸಾರಾಂಶವು ಒಂದೊಂದು ಕೃತಿಯಲ್ಲಿ ಏನಿದೆ ಎಂಬುದನ್ನು ತಿಳಿಸುತ್ತದೆ. ಸಮೀಕ್ಷೆಯು ಈ ಕೃತಿಗಳು ಒಂದರೊಡನೊಂದು ಯಾವ ಸಂಬಂಧದಲ್ಲಿವೆ, ಯಾವ ಪ್ರಶ್ನೆಗೆ ಉತ್ತರ ದೊರೆತಿದೆ, ಯಾವುದಕ್ಕೆ ದೊರೆತಿಲ್ಲ ಎಂಬುದನ್ನು ನಿರ್ಣಯಿಸುತ್ತದೆ. ಮೊದಲೆರಡು ಸಿದ್ಧತೆಯ ಹಂತಗಳಾದರೆ ಮೂರನೆಯದು ವಾದದ ಹಂತ. ವಾದವಿಲ್ಲದ ಸಮೀಕ್ಷೆ ಎಷ್ಟೇ ದೀರ್ಘವಾಗಿದ್ದರೂ ಅದು ವಿಸ್ತೃತ ಗ್ರಂಥಸೂಚಿಯಷ್ಟೆ.

ವಾದ ಹುಟ್ಟುವುದು ಪ್ರಶ್ನೆಯಿಂದ. 'ಅರಿಶಿನಕುಂಟೆಯ ಜಾನಪದ' ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. ಈ ಶೀರ್ಷಿಕೆಯಡಿ ಹುಡುಕಾಟಕ್ಕೆ ಎಲ್ಲೆಯೇ ಇರುವುದಿಲ್ಲ. 'ಬೆಂಗಳೂರು–ತುಮಕೂರು ಹೆದ್ದಾರಿಯ ಅಂಚಿನಲ್ಲಿ ನಗರೀಕರಣಗೊಂಡ ಗ್ರಾಮದಲ್ಲಿ ಮದುವೆಯ ಸೋಬಾನೆ ಪದಗಳನ್ನು ಯಾರು, ಯಾವ ಸಂದರ್ಭದಲ್ಲಿ ಹಾಡುತ್ತಾರೆ?' ಎಂದು ಕೇಳಿದಾಗ ಹುಡುಕಬೇಕಾದ ದಾರಿಗಳು ಮೂರು ಎಂಬುದು ಸ್ಪಷ್ಟವಾಗುತ್ತದೆ: ಆ ಪ್ರದೇಶದ ಬಗೆಗಿನ ದಾಖಲೆಗಳು, ಸೋಬಾನೆ ಪದಗಳ ಸಂಗ್ರಹ ಮತ್ತು ವಿಶ್ಲೇಷಣೆ, ನಗರದ ಅಂಚಿನ ಹಳ್ಳಿಗಳ ಸಾಮಾಜಿಕ ಅಧ್ಯಯನ. ಆ ಗ್ರಾಮದ ಹೆಸರನ್ನೇ ಹೊತ್ತ ಒಂದು ಪುಸ್ತಕವೂ ಸಿಗದಿದ್ದರೂ ಈ ಮೂರು ದಾರಿಗಳಲ್ಲಿ ಓದಬೇಕಾದುದು ಹೇರಳವಾಗಿರುತ್ತದೆ. 'ಅಧ್ಯಯನವೇ ನಡೆದಿಲ್ಲ' ಎಂಬ ಮಾತು ಬಹುಮಟ್ಟಿಗೆ ಪ್ರಶ್ನೆಯನ್ನು ಬಿಡಿಸಿಕೊಳ್ಳದಿರುವುದರ ಫಲ.

3. ಹುಡುಕಾಟ: ಹೆಸರು, ಗಡಿ, ಅಂಕಿ

ಆಕರಗಳ ಹುಡುಕಾಟದಲ್ಲಿ ಮೊದಲು ಎದುರಾಗುವುದು ಹೆಸರಿನ ಸಮಸ್ಯೆ. ಅರಿಶಿನಕುಂಟೆ, ಅರಿಸಿನಕುಂಟೆ, ಅರಶಿನಕುಂಟೆ ಎಂಬ ರೂಪಗಳು ಕನ್ನಡದಲ್ಲಿಯೇ ಸಾಧ್ಯ. ರೋಮನ್ ಲಿಪಿಗೆ ಹೋದಾಗ ಅವು ಇನ್ನೂ ಹೆಚ್ಚುತ್ತವೆ. ಒಂದೇ ಕಾಗುಣಿತದಿಂದ ಗ್ರಂಥಾಲಯದ ಸೂಚಿಯನ್ನೋ ಗಣಕದ ಭಂಡಾರವನ್ನೋ ಹುಡುಕಿ, ಏನೂ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಸಾಧ್ಯವಿರುವ ರೂಪಗಳನ್ನೆಲ್ಲ ಮೊದಲೇ ಪಟ್ಟಿಮಾಡಿಕೊಂಡು, ಯಾವ ರೂಪದಿಂದ ಎಲ್ಲಿ ಹುಡುಕಲಾಯಿತೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕನ್ನಡ ಕಡತಗಳು ಸಾಮಾನ್ಯ ಗಣಕ ಹುಡುಕಾಟಕ್ಕೆ ದೊರೆಯುವುದಿಲ್ಲ. ಛಾಯಾಪ್ರತಿಯಾಗಿ ಮಾತ್ರ ಏರಿಸಿದ ಹಳೆಯ ಪುಸ್ತಕಗಳ ಸ್ಥಿತಿಯೂ ಬಹುಪಾಲು ಅದೇ. ಅಲ್ಲಿ ಪರಿವಿಡಿಯನ್ನೂ ಪುಟಗಳನ್ನೂ ಕಣ್ಣಿನಿಂದಲೇ ಓದದೆ ಬೇರೆ ದಾರಿಯಿಲ್ಲ.

ಎರಡನೆಯದು ಆಡಳಿತದ ಗಡಿಗಳ ಸಮಸ್ಯೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದುದು 1986ರಲ್ಲಿ. ಅದಕ್ಕೆ ಹಿಂದಿನ ಜನಗಣತಿ ವರದಿ, ಗೆಜೆಟಿಯರ್, ಶಾಸನ ಸಂಪುಟಗಳಲ್ಲಿ ನೆಲಮಂಗಲವನ್ನು ಬೆಂಗಳೂರು ಜಿಲ್ಲೆಯ ಅಡಿಯಲ್ಲಿ ಹುಡುಕಬೇಕು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಪ್ರತ್ಯೇಕ ಜಿಲ್ಲೆಯಾದುದರಿಂದ, 1986ರಿಂದ 2007ರವರೆಗಿನ 'ಗ್ರಾಮಾಂತರ ಜಿಲ್ಲೆ'ಯೂ ಇಂದಿನ ನಾಲ್ಕು ತಾಲ್ಲೂಕುಗಳ ಜಿಲ್ಲೆಯೂ ಒಂದೇ ಅಲ್ಲ. ಈ ಎರಡು ಅವಧಿಗಳ ಅಂಕಿ ಅಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ಏರಿಳಿತದ ಮಾತಾಡುವುದು ತಪ್ಪು ನಿರ್ಣಯಕ್ಕೆ ಎಡೆಮಾಡುತ್ತದೆ. ಅರಿಶಿನಕುಂಟೆಯೂ ಗ್ರಾಮ ಪಂಚಾಯಿತಿಯ ಆಡಳಿತದಿಂದ ನೆಲಮಂಗಲ ನಗರಸಭೆಯ ವ್ಯಾಪ್ತಿಗೆ ಬಂದಿರುವುದರಿಂದ, ಒಂದು ಕಾಲದ ಕಾಗದಪತ್ರ ಪಂಚಾಯಿತಿಯ ಹೆಸರಿನಲ್ಲಿಯೂ ಮತ್ತೊಂದು ಕಾಲದ್ದು ನಗರಸಭೆಯ ಹೆಸರಿನಲ್ಲಿಯೂ ಇರುತ್ತದೆ.

ಮೂರನೆಯದು ಅಂಕಿಗಳ ಸಮಸ್ಯೆ. ಇದಕ್ಕೆ ನೆಲಮಂಗಲದಷ್ಟು ಸ್ಪಷ್ಟ ಉದಾಹರಣೆ ವಿರಳ. 2010ರ ಮರುಸಂಖ್ಯೀಕರಣಕ್ಕೆ ಮುನ್ನ ಬೆಂಗಳೂರು–ತುಮಕೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. ನೆಲಮಂಗಲದಿಂದ ಹಾಸನದ ಮೂಲಕ ಮಂಗಳೂರಿಗೆ ಹೋಗುವ ರಸ್ತೆ 48 ಆಗಿತ್ತು. ಈಗ ತುಮಕೂರು ರಸ್ತೆಯೇ 48, ಮಂಗಳೂರು ರಸ್ತೆ 75. ಹಳೆಯ ಲೇಖನವೊಂದರಲ್ಲಿ 'ಹೆದ್ದಾರಿ 48ರ ಬದಿಯ ಹಳ್ಳಿಗಳು' ಎಂದಿದ್ದರೆ ಅದು ಕುಣಿಗಲ್ ಕಡೆಯ ಹಳ್ಳಿಗಳನ್ನು ಸೂಚಿಸುತ್ತದೆಯೇ ಹೊರತು ತುಮಕೂರಿನ ಕಡೆಯವನ್ನಲ್ಲ. ಬರೆದ ವರ್ಷವನ್ನು ಗಮನಿಸದ ಓದುಗರು ಒಂದು ರಸ್ತೆಯ ಸಂಗತಿಯನ್ನು ಇನ್ನೊಂದು ರಸ್ತೆಗೆ ಅಂಟಿಸುತ್ತಾರೆ.

4. ಪ್ರಾಥಮಿಕ ಆಕರಗಳ ಪದರಗಳು

ಈ ಪ್ರದೇಶದ ಮಟ್ಟಿಗೆ ಓದಬೇಕಾದ ಆಕರಗಳು ಹಲವು ಪದರಗಳಲ್ಲಿವೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟ (1905) ಬೆಂಗಳೂರು ಜಿಲ್ಲೆಗೆ ಮೀಸಲಾಗಿದ್ದು ನೆಲಮಂಗಲ ತಾಲ್ಲೂಕಿನ ಶಾಸನಗಳನ್ನು ಒಳಗೊಂಡಿದೆ; ಗಂಗರ ಕಾಲದ ಮಾನ್ಯಪುರವಾದ ಮಣ್ಣೆಯ ತಾಮ್ರಶಾಸನಗಳು ಇದರಲ್ಲಿಯೇ ಇವೆ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಪ್ರವಾಸ ಕೈಗೊಂಡ ಫ್ರಾನ್ಸಿಸ್ ಬುಕಾನನ್‌ನ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ರೈಸ್ ಅವರ ಗೆಜೆಟಿಯರ್, ಅದರ 1897ರ ಪರಿಷ್ಕೃತ ಆವೃತ್ತಿ, ಸಿ. ಹಯವದನರಾಯರ ಮೈಸೂರು ಗೆಜೆಟಿಯರ್, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ನಂತರದ ಪದರ.

ಈ ಆಕರಗಳನ್ನು ಉಲ್ಲೇಖಿಸುವುದಷ್ಟೇ ಸಾಲದು. ಅವುಗಳ ಉದ್ದೇಶವನ್ನು ವಿಚಾರಿಸಬೇಕು. ಬುಕಾನನ್ ಬಂದುದು ಹೊಸದಾಗಿ ಕೈಸೇರಿದ ಸೀಮೆಯ ಬೇಸಾಯ, ಕೈಕಸುಬು, ವ್ಯಾಪಾರಗಳ ವಿವರ ತಿಳಿಯಲು. ಆದುದರಿಂದ ಬೆಳೆ, ನೀರಾವರಿಗಳ ಬಗೆಗೆ ಆತನ ಮಾತು ಗಟ್ಟಿಯಾದುದು. ಆಚರಣೆಗಳ ಬಗೆಗಿನ ಮಾತನ್ನು ದುಭಾಷಿಗಳ ಮೂಲಕ ಬಂದ ಮಾಹಿತಿಯೆಂದು ತೂಗಿ ನೋಡಬೇಕು. ಎಡ್ಗರ್ ಥರ್ಸ್ಟನ್‌ನ ಏಳು ಸಂಪುಟಗಳು (1909) ಮತ್ತು ಆ ಕಾಲದ ಇತರ ಜಾತಿವಿವರಣೆಗಳು ರೂಪುಗೊಂಡುದು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಜಾರಿಯಲ್ಲಿದ್ದ ಯುಗದಲ್ಲಿ. ಆ ಕಾಯಿದೆ 1952ರಲ್ಲಿ ರದ್ದಾಯಿತು. ಆದರೆ ಅಂದು ಕೆಲವು ಅಲೆಮಾರಿ ಸಮುದಾಯಗಳಿಗೆ ಅಂಟಿಸಿದ ವಿಶೇಷಣಗಳು ಅನಂತರದ ಪ್ರಬಂಧಗಳ ಸಮೀಕ್ಷಾ ಅಧ್ಯಾಯಗಳ ಮೂಲಕ ಉಳಿದು ಬರುವ ಅಪಾಯವಿದೆ. ಹಳೆಯ ವಾಕ್ಯವನ್ನು ವಿಮರ್ಶೆಯಿಲ್ಲದೆ ಎತ್ತಿ ಬರೆದವರು ಅದನ್ನು ತಮ್ಮ ಮಾತನ್ನಾಗಿಯೇ ಮಾಡಿಕೊಂಡಂತೆ. ಸಮೀಕ್ಷೆಯ ನೈತಿಕ ಹೊಣೆ ಇಲ್ಲಿ ಪ್ರತ್ಯಕ್ಷವಾಗುತ್ತದೆ.

5. ಮರುಮಾತಿನ ಅಪಾಯ: ಗೋವರ್ ಪ್ರಸಂಗ

ಮೂಲವನ್ನು ನೋಡದೆ ಮತ್ತೊಬ್ಬರ ಉಲ್ಲೇಖದಿಂದ ಉಲ್ಲೇಖಿಸುವುದು ಸಮೀಕ್ಷೆಯ ದೊಡ್ಡ ದೋಷ. ಚಾರ್ಲ್ಸ್ ಇ. ಗೋವರ್ 1871ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಗೀತೆಗಳ ಇಂಗ್ಲಿಷ್ ಸಂಕಲನವನ್ನು ಕನ್ನಡ ಜನಪದ ಗೀತೆಗಳ ಆದ್ಯ ಸಂಗ್ರಹಗಳಲ್ಲಿ ಒಂದೆಂದು ಹೆಸರಿಸುವ ವಾಡಿಕೆಯಿದೆ. ಪುಸ್ತಕದ ಹೆಸರನ್ನು ಮಾತ್ರ ನೋಡಿದವರಿಗೆ ಇದರಲ್ಲಿ ಸಂದೇಹ ಬರುವುದಿಲ್ಲ. ಕನ್ನಡ ಭಾಗವನ್ನು ತೆರೆದು ನೋಡಿದರೆ ಅಲ್ಲಿ ಮುಖ್ಯವಾಗಿ ಇರುವುದು ಹರಿದಾಸರ ಕೀರ್ತನೆಗಳ ಅನುವಾದ. ಅಂಕಿತವುಳ್ಳ, ಕರ್ತೃಗಳಿರುವ ಈ ರಚನೆಗಳನ್ನು ಬೀಸುವ, ಕುಟ್ಟುವ, ಹಸೆಗೆ ಕರೆಯುವ ಹಾಡುಗಳೊಡನೆ ಒಂದೇ ವರ್ಗದಲ್ಲಿಡಲಾಗದು.

ಇದರಿಂದ ಗೋವರ್‌ನ ಕೃತಿ ನಿರರ್ಥಕವೆಂದಾಗುವುದಿಲ್ಲ. ಜನರ ಬಾಯಲ್ಲಿದ್ದ ಕೀರ್ತನೆಯನ್ನು ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವಿದ್ವಾಂಸನೊಬ್ಬ 'ಜನಪದ'ವೆಂದು ಏಕೆ ಗ್ರಹಿಸಿದ ಎಂಬುದು ಸ್ವತಃ ಒಂದು ಸಂಶೋಧನ ಪ್ರಶ್ನೆ. ಅದಕ್ಕೆ ಹೋಲಿಸಿದರೆ ಜೆ.ಎಫ್. ಫ್ಲೀಟ್ 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ ಲಾವಣಿಗಳು, ಅಂದರೆ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮುಂತಾದ ವಸ್ತುವಿನವು, ಮೌಖಿಕ ಪರಂಪರೆಗೆ ಹೆಚ್ಚು ಹತ್ತಿರವಾದವು. ಎರಡನ್ನೂ ಓದಿ ಈ ಭೇದವನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಅದು ಸಮೀಕ್ಷೆ. ಎರಡರ ಹೆಸರನ್ನೂ ಒಂದೇ ಸಾಲಿನಲ್ಲಿ ಸೇರಿಸಿದರೆ ಅದು ಕೇವಲ ಪಟ್ಟಿ.

6. ಕಾಲ, ಸ್ಥಳ, ಹಾಡುಗಾರರು

ಜಾನಪದ ಕೃತಿಯೊಂದನ್ನು ಸಮೀಕ್ಷಿಸುವಾಗ ಕನಿಷ್ಠ ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಸಾಮಗ್ರಿಯನ್ನು ಸಂಗ್ರಹಿಸಿದ ಕಾಲ ಯಾವುದು? ಸ್ಥಳ ಯಾವುದು? ಹಾಡಿದವರು ಅಥವಾ ಹೇಳಿದವರು ಯಾರು? ಸಂಪಾದಕರು ಪಠ್ಯವನ್ನು ಎಷ್ಟರಮಟ್ಟಿಗೆ ತಿದ್ದಿದ್ದಾರೆ?

ಸಂಗ್ರಹದ ಕಾಲವೂ ಪ್ರಕಟಣೆಯ ಕಾಲವೂ ದೂರವಿರಬಹುದು. ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸಿದ್ದು 1948ರಲ್ಲಿ. ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಅವರು ಬಹುಪಾಲು ನೆನಪಿನಿಂದ ಬರೆದ ಗ್ರಂಥ ಹೊರಬಂದುದು 1976ರಲ್ಲಿ. ಆ ಗ್ರಂಥವನ್ನು 1976ರ ಹಳ್ಳಿಯ ಚಿತ್ರವೆಂದು ಉಲ್ಲೇಖಿಸಿದರೆ ಸುಮಾರು ಮೂರು ದಶಕಗಳ ತಪ್ಪಾಗುತ್ತದೆ.

ಸ್ಥಳದ ವಿಚಾರದಲ್ಲಿ ಮತ್ತೊಂದು ತೊಡಕಿದೆ. ಶ್ರೀನಿವಾಸ್ ತಮ್ಮ ಹಳ್ಳಿಯನ್ನು 'ರಾಂಪುರ'ವೆಂದೂ, ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು 'ವಂಗಲ', 'ದಲೇನ' ಎಂದೂ, ಅಲನ್ ಬೀಲ್ಸ್ ಬೆಂಗಳೂರಿನ ಸಮೀಪದ ಹಳ್ಳಿಯನ್ನು 'ನಾಮ್‌ಹಳ್ಳಿ' ಎಂದೂ ಕಲ್ಪಿತ ನಾಮಗಳಿಂದ ಕರೆದರು. ಊರಿನ ನಿಜನಾಮದಿಂದ ಹುಡುಕುವವರಿಗೆ ಇವು ದೊರೆಯುವುದಿಲ್ಲ. ಆದರೆ ಬೆಂಗಳೂರಿನ ಪ್ರಭಾವಕ್ಕೆ ಸಿಕ್ಕಿ 1950ರ ದಶಕದ ಹೊತ್ತಿಗೇ ಬದಲಾಗುತ್ತಿದ್ದ ಹಳ್ಳಿಯನ್ನು ಕುರಿತ ಬೀಲ್ಸ್ ಅವರ ಬರಹ, ಅರಿಶಿನಕುಂಟೆಯಂತಹ ಊರನ್ನು ಅಭ್ಯಸಿಸುವವರಿಗೆ ಅತ್ಯಗತ್ಯವಾದ ಹೋಲಿಕೆಯ ನೆಲೆ. ಅದು ಜಾನಪದ ಗ್ರಂಥವಲ್ಲವೆಂದು ಬಿಟ್ಟುಬಿಡುವುದು ಶಿಸ್ತುಗಳ ನಡುವಿನ ಗೋಡೆಯನ್ನು ಎತ್ತರಿಸಿದಂತಾಗುತ್ತದೆ.

ಕನ್ನಡದಲ್ಲಿಯೇ ಮಾದರಿಯಾಗಬಲ್ಲ ಕೃತಿ ಅರ್ಚಕ ಬಿ. ರಂಗಸ್ವಾಮಿಭಟ್ಟರ 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' (1933). ಬಂಡಿಹೊಳೆ ಎಂಬ ಒಂದೇ ಹಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಊರಿನ ಬದುಕನ್ನೂ ಹಾಡುಗಳನ್ನೂ ಒಟ್ಟಿಗೆ ಕೊಟ್ಟ ಗ್ರಂಥವಿದು. ಬಂಡಿಹೊಳೆ ಇಂದು ಮಂಡ್ಯ ಜಿಲ್ಲೆಯಲ್ಲಿದೆ; ಮಂಡ್ಯ ಜಿಲ್ಲೆ ರೂಪುಗೊಂಡುದು 1939ರಲ್ಲಿ ಎಂಬುದನ್ನು ನೆನೆದರೆ ಗಡಿಯ ಕುರಿತು ಮೇಲೆ ಹೇಳಿದ ಮಾತು ಇಲ್ಲಿಯೂ ಅನ್ವಯಿಸುವುದು ತಿಳಿಯುತ್ತದೆ. ಇದಕ್ಕೆ ತುಸು ಮುನ್ನ, 1931ರಲ್ಲಿ, ಹಲಸಂಗಿಯ ಗೆಳೆಯರು ಹೊರತಂದ 'ಗರತಿಯ ಹಾಡು' ಉತ್ತರ ಕರ್ನಾಟಕದ ತ್ರಿಪದಿಗಳ ಸೊಬಗನ್ನು ನಾಡಿಗೆ ಪರಿಚಯಿಸಿತು. ಒಂದು ಕೃತಿ ಹಾಡನ್ನು ಹಳ್ಳಿಯೊಳಗಿಟ್ಟು ನೋಡಿದರೆ ಇನ್ನೊಂದು ಹಾಡನ್ನು ಕಾವ್ಯವಾಗಿ ಕಂಡಿತು. ಮುಂದಿನ ಕನ್ನಡ ಜಾನಪದ ಸಂಗ್ರಹಗಳನ್ನು ಈ ಎರಡು ದೃಷ್ಟಿಗಳ ಬೆಳಕಿನಲ್ಲಿ ವರ್ಗೀಕರಿಸಲು ಸಾಧ್ಯವಿದೆ.

ಹಾಡುಗಾರರ ಪ್ರಶ್ನೆ ಮಹಾಕಾವ್ಯಗಳಲ್ಲಿ ಹೆಚ್ಚು ಮಹತ್ತ್ವ ಪಡೆಯುತ್ತದೆ. ಮಲೆಯ ಮಾದೇಶ್ವರ ಕಾವ್ಯವನ್ನು ಪಿ.ಕೆ. ರಾಜಶೇಖರ 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹೊರತಂದಿತು. 2001ರಲ್ಲಿ ಬಂದ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಇಂಗ್ಲಿಷ್ ಅನುವಾದ ಈ ಎರಡನೆಯ ಪಾಠವನ್ನು ಆಧರಿಸಿದೆ. 'ಮಾದೇಶ್ವರ ಕಾವ್ಯದಲ್ಲಿ ಹೀಗಿದೆ' ಎಂದು ಬರೆಯುವವರು ಯಾವ ಪಾಠ, ಯಾರ ಬಾಯಿಂದ ಬಂದುದು ಎಂಬುದನ್ನು ಹೇಳದಿದ್ದರೆ ಆ ಮಾತಿಗೆ ಆಧಾರವೇ ಇರುವುದಿಲ್ಲ. ಸಂಪಾದಕರ ಹೆಸರಿನೊಡನೆ ಹಾಡುಗಾರರ ಹೆಸರನ್ನೂ ನಮೂದಿಸುವುದು ಶಾಸ್ತ್ರಶುದ್ಧತೆಯ ಅಂಗ. ಅದು ಕೇವಲ ಸೌಜನ್ಯವಲ್ಲ.

7. ಸ್ಥಳನಾಮದ ಒಂದು ಪ್ರಯೋಗ

ಸಮೀಕ್ಷೆಯ ಬಲವನ್ನು ಪರೀಕ್ಷಿಸಲು ಅರಿಶಿನಕುಂಟೆ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಕೆರೆ, ಕಟ್ಟೆ, ಕುಂಟೆ ಎಂಬ ಜಲವಾಚಕಗಳಲ್ಲಿ ಕುಂಟೆ ಸಣ್ಣ ನೀರಿನ ತಾಣವನ್ನು ಸೂಚಿಸುತ್ತದೆ. ಅದೇ ರೂಪದ ಪದ ಬೇಸಾಯದ ಉಪಕರಣಕ್ಕೂ ಇದೆಯಾದರೂ ಊರ ಹೆಸರಿನ ಉತ್ತರಪದವಾಗಿ ಜಲವಾಚಕವೆಂದು ತಿಳಿಯುವುದೇ ಸಹಜ. ಪೂರ್ವಪದದ ವಿಷಯದಲ್ಲಿ ಹಲವು ಊಹೆಗಳಿಗೆ ಎಡೆಯಿದೆ. ಅರಿಶಿನದ ಬೆಳೆ, ನೀರಿನ ಅಥವಾ ಮಣ್ಣಿನ ಬಣ್ಣ, ಆಚರಣೆಯಲ್ಲಿ ಅರಿಶಿನದ ಬಳಕೆ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. 'ಅರಸನ ಕುಂಟೆ' ಎಂಬ ರೂಪ ಧ್ವನಿವ್ಯತ್ಯಾಸ ಹೊಂದಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಇಲ್ಲಿ ಸಮೀಕ್ಷೆಯ ಕೆಲಸ ಇವುಗಳಲ್ಲಿ ಆಕರ್ಷಕವಾದುದನ್ನು ಆರಿಸುವುದಲ್ಲ. ಯಾವ ಆಕರ ಯಾವ ಊಹೆಯನ್ನು ಬೆಂಬಲಿಸಬಲ್ಲದೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ಶಾಸನದಲ್ಲಿ ಹಳೆಯ ರೂಪ ದೊರೆತರೆ ಧ್ವನಿವ್ಯತ್ಯಾಸದ ಊಹೆ ನಿಲ್ಲುತ್ತದೆ ಅಥವಾ ಬೀಳುತ್ತದೆ. ಬೆಳೆಯ ಊಹೆಗೆ ಕಂದಾಯ ದಾಖಲೆ, ಪ್ರವಾಸ ಕಥನಗಳು ಬೇಕು. ಆಚರಣೆಯ ಊಹೆಗೆ ಊರಿನ ಹಿರಿಯರ ಮಾತು ಬೇಕು. ಅವರು ಹೇಳುವ ಐತಿಹ್ಯ ಹೆಸರಿನ ಚರಿತ್ರೆಗೆ ನೇರ ಸಾಕ್ಷ್ಯವಾಗದಿದ್ದರೂ ಊರು ತನ್ನನ್ನು ತಾನು ಹೇಗೆ ಅರ್ಥೈಸಿಕೊಂಡಿದೆ ಎಂಬುದಕ್ಕೆ ಉತ್ತಮ ಸಾಕ್ಷ್ಯ. ಹೀಗೆ ಪುಸ್ತಕದ ಕೆಲಸ ಮುಗಿಯುವ ಸ್ಥಳದಲ್ಲಿಯೇ ಕ್ಷೇತ್ರದ ಪ್ರಶ್ನಾವಳಿ ಹುಟ್ಟುತ್ತದೆ.

8. ಟಿಪ್ಪಣಿಯಿಂದ ಬರವಣಿಗೆಗೆ

ಓದುವಾಗ ಪ್ರತಿ ಕೃತಿಗೂ ಒಂದು ಚೀಟಿ ಇಡುವುದು ಹಳೆಯ ಪದ್ಧತಿ. ಗಣಕದಲ್ಲಿಯೂ ಅದೇ ಕ್ರಮವನ್ನು ಅನುಸರಿಸಬಹುದು. ಚೀಟಿಯಲ್ಲಿ ಕೃತಿಯ ವಿವರ, ಆವೃತ್ತಿ, ಸಂಗ್ರಹದ ಕಾಲ ಮತ್ತು ಸ್ಥಳ, ಹಾಡುಗಾರರ ಹೆಸರು, ಮುಖ್ಯ ವಾದ, ಬಳಸಿದ ವಿಧಾನ, ತನ್ನ ಪ್ರಶ್ನೆಗೆ ಇರುವ ಸಂಬಂಧ ಇವಿಷ್ಟು ಇರಬೇಕು. ಮೂಲದ ಮಾತನ್ನು ಯಥಾವತ್ತಾಗಿ ಬರೆದುಕೊಂಡಾಗ ಉದ್ಧರಣ ಚಿಹ್ನೆಯನ್ನೂ ಪುಟಸಂಖ್ಯೆಯನ್ನೂ ಆಗಲೇ ಹಾಕಬೇಕು. ಕೆಲವು ತಿಂಗಳ ನಂತರ ಯಾವುದು ಮೂಲದ ಮಾತು, ಯಾವುದು ತನ್ನ ಮಾತು ಎಂಬುದು ಮರೆತುಹೋಗುವುದರಿಂದಲೇ ಅರಿವಿಲ್ಲದ ಕೃತಿಚೌರ್ಯ ಸಂಭವಿಸುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಶೇಕಡ 10ರವರೆಗಿನ ಹೋಲಿಕೆಯನ್ನು ದಂಡನೆಗೆ ಹೊರತಾಗಿಸಿವೆ. ಆದರೆ ಗಣಕಕ್ಕೆ ಏರದ ಹಳೆಯ ಕನ್ನಡ ಪುಸ್ತಕದಿಂದ ಎತ್ತಿದ ಭಾಗ ತಂತ್ರಾಂಶದ ಕಣ್ಣಿಗೆ ಬೀಳದಿರಬಹುದು. ಶೇಕಡಾವಾರು ಕಡಿಮೆಯಿದೆ ಎಂಬುದು ಪ್ರಾಮಾಣಿಕತೆಯ ಪುರಾವೆಯಲ್ಲ.

ಅಪ್ರಕಟಿತ ಪ್ರಬಂಧಗಳನ್ನು ಕಡೆಗಣಿಸುವಂತಿಲ್ಲ. ಶೋಧಗಂಗಾ ಭಂಡಾರದಿಂದ ಇತ್ತೀಚಿನ ಹಲವು ಪ್ರಬಂಧಗಳು ಕುಳಿತಲ್ಲಿಯೇ ಸಿಗುತ್ತವೆ. ಹಳೆಯ ಪ್ರಬಂಧಗಳಿಗೆ ಮಾತ್ರ ಮೈಸೂರು, ಧಾರವಾಡ, ಬೆಂಗಳೂರು, ಹಂಪಿಗಳ ವಿಶ್ವವಿದ್ಯಾಲಯ ಗ್ರಂಥಾಲಯಗಳಿಗೆ ಹೋಗುವುದೇ ದಾರಿ. ರಾಮನಗರದ ಜಾನಪದ ಲೋಕ, ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯಗಳನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಬರೆಯುವಾಗ ಕಾಲಾನುಕ್ರಮ, ವಸ್ತು, ವಿಧಾನ, ಪ್ರದೇಶ ಈ ನಾಲ್ಕರಲ್ಲಿ ತನ್ನ ಪ್ರಶ್ನೆಗೆ ಒಗ್ಗುವ ಒಂದನ್ನು ಮುಖ್ಯ ಕ್ರಮವಾಗಿ ಇಟ್ಟುಕೊಳ್ಳಬೇಕು. ಒಂದು ಕಂಡಿಕೆಗೆ ಒಂದು ಕೃತಿ ಎಂಬ ಕ್ರಮವನ್ನು ಬಿಟ್ಟು, ಒಂದು ಕಂಡಿಕೆಗೆ ಒಂದು ವಿಚಾರ ಎಂಬ ಕ್ರಮವನ್ನು ಹಿಡಿದರೆ ಸಮೀಕ್ಷೆಯ ಸ್ವರೂಪವೇ ಬದಲಾಗುತ್ತದೆ. 'ಇಂಥವರು ಸೋಬಾನೆ ಪದಗಳನ್ನು ಸಂಗ್ರಹಿಸಿದ್ದಾರೆ, ಇಂಥವರೂ ಸಂಗ್ರಹಿಸಿದ್ದಾರೆ' ಎಂಬುದಕ್ಕೆ ಬದಲು, 'ಈ ಸಂಗ್ರಹಗಳು ಪದಗಳ ಪಠ್ಯವನ್ನು ಕೊಡುತ್ತವೆ. ಹಾಡಿದ ಸಂದರ್ಭವನ್ನು ವಿವರಿಸಿದವು ಇವುಗಳಲ್ಲಿ ಕೆಲವೇ. ಮದುವೆಯು ಮನೆಯಂಗಳದಿಂದ ಛತ್ರಕ್ಕೆ ಸ್ಥಳಾಂತರಗೊಂಡ ನಂತರದ ಸ್ಥಿತಿಯನ್ನು ಯಾವುದೂ ಪರಿಶೀಲಿಸಿಲ್ಲ' ಎಂಬ ನಿರ್ಣಯ ಬರಬೇಕು. ಅಂತಹ ನಿರ್ಣಯವನ್ನು ಯಾವ ಯಾವ ಸಂಗ್ರಹಗಳನ್ನು ನೋಡಿ ಮಾಡಲಾಯಿತೆಂಬುದನ್ನೂ ಹೇಳಬೇಕು. ಆಗ ಕೊರತೆ ಯಾವುದು ಎಂಬುದು ಓದುಗರಿಗೂ ಕಾಣುತ್ತದೆ, ಅದನ್ನು ತುಂಬುವ ಹೊಸ ಅಧ್ಯಯನದ ಅಗತ್ಯವೂ ಸಿದ್ಧವಾಗುತ್ತದೆ. ಟೀಕೆ ಮಾಡುವಾಗ ಹಿಂದಿನವರ ಸಾಧನಗಳ ಮಿತಿಯನ್ನು ಮರೆಯಬಾರದು. ಧ್ವನಿಮುದ್ರಣ ಯಂತ್ರವಿಲ್ಲದ ಕಾಲದಲ್ಲಿ ಕೈಬರಹದಿಂದ ಹಾಡು ಇಳಿಸಿಕೊಂಡವರನ್ನು ಇಂದಿನ ಅಳತೆಯಿಂದ ಮಾತ್ರ ಅಳೆಯುವುದು ನ್ಯಾಯವಲ್ಲ.

9. ಸಮಾರೋಪ

ಹೆದ್ದಾರಿಯ ಅಂಚಿನ ಊರುಗಳಲ್ಲಿ ಹೊಲ ಬಡಾವಣೆಯಾಗುವ ವೇಗದಲ್ಲಿಯೇ ಹಾಡಿನ ಸಂದರ್ಭಗಳೂ ಬದಲಾಗುತ್ತಿವೆ. ಇಂತಹ ಕಡೆ ಹಿಂದಿನವರು ದಾಖಲಿಸಿಟ್ಟ ಒಂದೊಂದು ಸಾಲೂ ಇಂದಿನ ಬದಲಾವಣೆಯನ್ನು ಅಳೆಯುವ ಮಾನದಂಡ. ಅದನ್ನು ಹುಡುಕದೆ 'ಮೊದಲ ಬಾರಿಗೆ' ಎಂದು ಬರೆದುಕೊಂಡ ಪ್ರಬಂಧವು ತನ್ನ ಹಿಂದಿನ ಸಂಗ್ರಾಹಕರನ್ನು ಮಾತ್ರವಲ್ಲದೆ, ಅವರಿಗೆ ಹಾಡಿಕೊಟ್ಟ ಅನಾಮಿಕ ಹೆಂಗಸರನ್ನೂ ಎರಡನೆಯ ಬಾರಿ ಮರೆತಂತಾಗುತ್ತದೆ. ಅವರ ಹೆಸರು ದಾಖಲಾಗಿದ್ದರೆ ಅದನ್ನು ಮುಂದಕ್ಕೆ ಒಯ್ಯುವುದು, ದಾಖಲಾಗದಿದ್ದರೆ ಆ ಲೋಪವನ್ನು ಗುರುತಿಸುವುದು ಸಮೀಕ್ಷೆಯ ಕರ್ತವ್ಯ.

ಒಟ್ಟಿನಲ್ಲಿ, ಉತ್ತಮ ಸಮೀಕ್ಷೆಯು ಪ್ರಶ್ನೆಯಿಂದ ಹೊರಟು, ಹೆಸರು, ಗಡಿ, ಕಾಲಗಳ ವ್ಯತ್ಯಾಸಗಳನ್ನು ಅರಿತು ಹುಡುಕಿ, ಮೂಲವನ್ನೇ ಓದಿ, ಆಕರದ ಉದ್ದೇಶವನ್ನು ತೂಗಿ, ಪಾಠಗಳನ್ನು ಹೋಲಿಸಿ, ಉಳಿದಿರುವ ಕೆಲಸವೇನೆಂಬುದನ್ನು ಖಚಿತವಾಗಿ ಹೇಳುತ್ತದೆ. ಮುಂದಿನ ಸಂಶೋಧಕರು ಅದನ್ನು ಓದಿ ಅಷ್ಟು ಹುಡುಕಾಟದ ಶ್ರಮವನ್ನು ಉಳಿಸಿಕೊಳ್ಳುವಂತಾದರೆ ಆ ಅಧ್ಯಾಯ ಸಾರ್ಥಕವಾದಂತೆ.